ಉಪ್ಪಿಗೆ ಮುಂಚೆ ಎತ್ತಿಟ್ಟ ಬಟ್ಟಲು

ವೈಶಾಖದ ಎರಡನೆಯ ವಾರ, ಭಾನುವಾರ, ಬೆಳಗಿನ ಜಾವ ನಾಲ್ಕೂವರೆ. ತುಮಕೂರಿನ ಮರಳೂರಿನಲ್ಲಿ ಹೊಸದಾಗಿ ಕಟ್ಟಿಸಿದ ಮನೆಯೊಂದಕ್ಕೆ ಮಾವಿನ ತೋರಣ ಕಟ್ಟಿದೆ. ಸುಣ್ಣದ ವಾಸನೆ ಇನ್ನೂ ಹೋಗಿಲ್ಲ. ಒಳಗೆ ಪುರೋಹಿತರು ಹಾಲು ಉಕ್ಕಿಸುವ ಗಳಿಗೆಗೆ ಕಾಯುತ್ತಿದ್ದಾರೆ. ಆಗಲೇ ಬಂದಿರುವ ನೆಂಟರೆಲ್ಲ ಅಲ್ಲೇ ಸೇರಿದ್ದಾರೆ. ಹಿತ್ತಲಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತಿದ್ದಾರೆ. ಒಳಗಿನ ಹಾಲು ಉಕ್ಕಿದರೂ ಸರಿ, ಬಿಟ್ಟರೂ ಸರಿ, ಅವರ ಕಣ್ಣೆಲ್ಲ ಎದುರಿನ ತಪ್ಪಲೆಯಲ್ಲಿ ಕುದಿಯುವ ಅಲಸಂದೆ ಕಾಳಿನ ಮೇಲೆ.

ಸೌಟಿನ ತುದಿಯಲ್ಲಿ ಮೂರು ಕಾಳು ಎತ್ತಿ, ಊದಿ, ಎರಡು ಬೆರಳ ನಡುವೆ ಒಂದೊಂದಾಗಿ ಒತ್ತಿ ನೋಡುತ್ತಾರೆ. ಎರಡು ಮೆತ್ತಗಾಗಿವೆ. ಮೂರನೆಯದು ಒಳಗೆ ಇನ್ನೂ ಗಟ್ಟಿ.

"ಇನ್ನೊಂದು ಎಲೆಅಡಿಕೆ ಹಾಕ್ಕೊಳ್ಳೋ ಹೊತ್ತು," ಎಂದು ತಮಗೇ ಹೇಳಿಕೊಂಡು ಒಂದು ಕೊಳ್ಳಿ ಹಿಂದಕ್ಕೆಳೆಯುತ್ತಾರೆ.

ಇವರು ಗುಬ್ಬಿಯ ದೊಡ್ಡಗಂಗಮ್ಮ. ವಯಸ್ಸು ಐವತ್ತೆಂಟೋ ಅರವತ್ತೋ, ಅವರಿಗೂ ಗೊತ್ತಿಲ್ಲ. ಅಡಿಗೆಯವರೆಲ್ಲ ಕರೆಯುವುದು ಗಂಗಕ್ಕ ಅಂತ. ಯುಗಾದಿಯಿಂದ ಮುಂಗಾರು ಹಿಡಿಯುವ ತನಕ ಮದುವೆ, ನಾಮಕರಣ, ಗೃಹಪ್ರವೇಶ ಎಂದು ಗುಬ್ಬಿ, ತುಮಕೂರು, ಕುಣಿಗಲ್ ಸುತ್ತಿನಲ್ಲಿ ಮೂವತ್ತು ಮೂವತ್ತೈದು ಮನೆಗಳ ಹಿತ್ತಲಲ್ಲಿ ಇವರನ್ನು ನೋಡಬಹುದು. ಎಲ್ಲ ಕಡೆಯೂ ಇವರದು ಒಂದೇ ಕೆಲಸ. ಅಲಸಂದೆ ಕೋಸಂಬರಿ. ಹೋಳಿಗೆ ಚೆನ್ನಾಗಿತ್ತು, ಸಾರು ಚೆನ್ನಾಗಿತ್ತು ಎಂದು ಊಟ ಮಾಡಿದವರು ಹೇಳುತ್ತಾ ಹೋಗುತ್ತಾರೆ. ಎಲೆಯ ಮೇಲ್ಗಡೆ ಮೊದಲು ಬಿದ್ದ ಆ ಒಂದು ಹಿಡಿ ಕೋಸಂಬರಿಯ ಮಾತು ಯಾರೂ ಎತ್ತುವುದಿಲ್ಲ.

ಹೆಸರುಬೇಳೆಯದಾದರೆ ನೆನೆಸಿದರೆ ಮುಗಿಯಿತು. ಅಲಸಂದೆಯನ್ನು ಬೇಯಿಸಬೇಕು, ಆದರೆ ಸಿಪ್ಪೆ ಒಡೆಯಬಾರದು. ಒಡೆದರೆ ಅದು ಪಲ್ಯದ ಪಾತ್ರೆಗೆ. ಬೇಯುವ ನೀರಿಗೆ ದೊಡ್ಡಗಂಗಮ್ಮ ಉಪ್ಪು ಹಾಕುವುದಿಲ್ಲ, ತಪ್ಪಲೆಗೆ ಮುಚ್ಚಳ ಹಾಕುವುದಿಲ್ಲ. ಹಿಂದಿನ ದಿನವೇ ಬಂದು ಮೊದಲು ನೋಡುವುದು ನೀರನ್ನು. ಒಂದು ಬೊಗಸೆ ಬಾಯಿಗೆ ಹಾಕಿ ಮುಕ್ಕಳಿಸಿ ಉಗಿಯುತ್ತಾರೆ.

"ಬೋರ್‌ವೆಲ್ ನೀರು ಗಡಸು. ಅದ್ರಲ್ಲಿ ಬೆಳಗಾನ ಬೇಯ್ಸಿದ್ರೂ ಕಾಳು ಕಲ್ಲಿದ್ದಂಗೇ ಇರ್ತದೆ," ಎನ್ನುತ್ತಾರೆ. ಈ ಮನೆಯದೂ ಬೋರ್‌ವೆಲ್ಲೇ. ಅದಕ್ಕೆ ಶನಿವಾರ ಸಂಜೆ ಎರಡು ಬೀದಿ ಆಚೆಯ ಹಳೇ ಬಾವಿಯಿಂದ ನಾಲ್ಕು ಬಿಂದಿಗೆ ಸೇದಿ ತಂದಿದ್ದಾರೆ.

ಈ ಸಲದ ಅಡಿಗೆಯ ಯಜಮಾನ ಶಿವರಾಮಯ್ಯ. ಇಪ್ಪತ್ತು ವರ್ಷದ ಜೊತೆಗಾರ. ಅವರು ಒಲೆ ಊದುತ್ತಾ ಕಿಚಾಯಿಸುತ್ತಾರೆ.

"ಒಂದು ಚಿಟಿಕೆ ಸೋಡ ಹಾಕಿದ್ರೆ ಯಾವ ನೀರಲ್ಲಾದ್ರೂ ಬೇಯ್ತದೆ ಗಂಗಕ್ಕ. ಬಿಂದಿಗೆ ಹೊತ್ತು ಸೊಂಟ ಯಾಕೆ ಮುರ್ಕೊಂಡೆ?"

"ಸೋಡ ಹಾಕಿದ್ರೆ ಕಾಳು ಅಂಗಿ ಬಿಚ್ಚಾಕ್ತದೆ. ನೀನು ಬಿಚ್ಚಾಕಿರೋದೇ ಸಾಕು, ಅದಾದ್ರೂ ಮಾನವಾಗಿರ್ಲಿ ಬುಡು."

ಬರಿಮೈಯಲ್ಲಿ ಬೆವರು ಒರೆಸುತ್ತಿದ್ದ ಶಿವರಾಮಯ್ಯ ನಕ್ಕು ಹೆಗಲ ಟವಲನ್ನು ಹೊದ್ದುಕೊಳ್ಳುತ್ತಾರೆ.

ಬೆಂದ ಕಾಳನ್ನು ಬಿದಿರು ಬುಟ್ಟಿಗೆ ಸುರಿದು ಬಸಿಯುತ್ತಾರೆ. ಕೆಳಗೆ ಇಳಿದ ಕಟ್ಟನ್ನು ಚೆಲ್ಲುವುದಿಲ್ಲ. ಅದಕ್ಕೆ ಬೆಳ್ಳುಳ್ಳಿ, ಮೆಣಸು ಅರೆದು ಹಾಕಿದರೆ ಪಾತ್ರೆ ತೊಳೆಯುವವರ ಬೆಳಗಿನ ಮುದ್ದೆಗೆ ಸಾರಾಯಿತು. ಬಸಿದ ಕಾಳನ್ನು ಒಗೆದ ಪಂಚೆಯ ಮೇಲೆ ಹರವಿ ಮೊರದಲ್ಲಿ ಗಾಳಿ ಹಾಕುತ್ತಾರೆ. ಬಿಸಿ ಆರಿ, ಕಾಳಿಗೆ ಕಾಳು ಅಂಟದೆ ಉರುಳಬೇಕು. ಅದಕ್ಕೇ ಬೆಳಗಾಗುವ ಮುಂಚೆಯೇ ಒಲೆ.

ಮುನ್ನೂರು ಎಲೆಗೆ ಐದು ಸೇರು ಕಾಳು. ಹನ್ನೆರಡು ತೆಂಗಿನಕಾಯಿ, ಹತ್ತು ಮಾವಿನಕಾಯಿ, ಹದಿನೆಂಟು ಸೌತೆಕಾಯಿ, ಎರಡು ಕಟ್ಟು ಕೊತ್ತಂಬರಿ. ಕಾಯಿ ತುರಿಯುವವರು ಸಿದ್ದಲಕ್ಷ್ಮಮ್ಮ, ಗುಬ್ಬಿಯಲ್ಲಿ ಇವರ ಪಕ್ಕದ ಮನೆಯವರು. ಒಗ್ಗರಣೆಗೆ ಸಾಸಿವೆ, ಇಂಗು, ಕರಿಬೇವು, ಹಸಿಮೆಣಸಿನಕಾಯಿ. ನಿಂಬೆಹುಳಿ ಬೇಡ, ಮಾವಿನಕಾಯಿಯದೇ ಸಾಕು. ಇಷ್ಟೇ. ಬಚ್ಚಿಡುವ ಗುಟ್ಟು ಏನೂ ಇಲ್ಲ, ಯಾರು ಕೇಳಿದರೂ ಹೇಳಿಕೊಡುತ್ತಾರೆ.

ಒಂದನ್ನು ಮಾತ್ರ ಬೇರೆಯವರ ಕೈಗೆ ಕೊಡುವುದಿಲ್ಲ. ಉಪ್ಪು. ಕುಟ್ಟಿದ ಕಲ್ಲುಪ್ಪನ್ನು ಒಂದು ಕರಟದಲ್ಲಿ ತುಂಬಿ ಪಕ್ಕದಲ್ಲಿ ಇಟ್ಟುಕೊಂಡಿರುತ್ತಾರೆ. ಎಲೆ ಹಾಕಿ, ಜನ ಕೂತು, ನೀರು ಚಿಮುಕಿಸಿ ಎಲೆ ಒರೆಸಿದ ಮೇಲೆಯೇ ಒಂದು ಸಾಲಿಗೆ ಬೇಕಾದಷ್ಟು ಕೋಸಂಬರಿಯನ್ನು ಬೇಸನ್ನಿಗೆ ತೆಗೆದು, ಸೌತೆಕಾಯಿ ಬೆರೆಸಿ, ಉಪ್ಪು ಹಾಕಿ, ಎರಡು ಸಲ ಮಗುಚಿ ಬಡಿಸುವವರ ಕೈಗೆ ಕೊಡುತ್ತಾರೆ. ಮುಂದಿನ ಸಾಲಿಗೆ ಮತ್ತೆ ಹೊಸದಾಗಿ. ಏಳು ಸಾಲು ಊಟವಾದರೆ ಏಳು ಸಲ. ಹಾಗಾಗಿ ಕೊನೆಯ ಸಾಲು ಏಳುವ ತನಕ ಅವರು ಕೂತ ಜಾಗ ಬಿಡುವ ಹಾಗಿಲ್ಲ.

ಮೊದಲ ಸಾಲಿಗೆ ಉಪ್ಪು ಬೀಳುವ ಮುಂಚೆ ಇನ್ನೊಂದು ಕೆಲಸವುಂಟು. ನೆಂಟರ ಮನೆಯ ಊಟವಾದರೆ ಒಂದು ಹಿತ್ತಾಳೆ ಬಟ್ಟಲಿಗೆ ನಾಲ್ಕು ಹಿಡಿ ಕೋಸಂಬರಿ ತೆಗೆದು, ಮೇಲೆ ಬಾಳೆಲೆಯ ಚೂರು ಮುಚ್ಚಿ, ಗೋಡೆಯ ಪಕ್ಕ ಇಡುತ್ತಾರೆ. ಉಪ್ಪಿಲ್ಲದ್ದು.

"ಹಸುಗೆ ಮಡಗ್ತೀಯೇನಕ್ಕ ಅದ?" ಎಂದು ಸಿದ್ದಲಕ್ಷ್ಮಮ್ಮ ಹಿಂದೆ ಒಂದು ಸಲ ಕೇಳಿದ್ದರಂತೆ.

"ಹಸು ಆಗಿದ್ರೆ ಎಂದೋ ತಿಂದಿರ್ತಿತ್ತು ಕಣಮ್ಮಿ," ಎಂದಿದ್ದರಂತೆ ಇವರು.

ಆ ಬಟ್ಟಲು ಇವರ ಅಣ್ಣ ಚಿಕ್ಕರಂಗಯ್ಯನವರದು.

ದೊಡ್ಡಗಂಗಮ್ಮನ ತವರು ಗುಬ್ಬಿ ತಾಲ್ಲೂಕಿನ ಚೇಳೂರು. ತೆಂಗು, ರಾಗಿಯ ಮನೆತನ. ರಾಗಿ ಹೊಲದ ನಡುನಡುವಿನ ಅಕ್ಕಡಿ ಸಾಲಿನಲ್ಲಿ ಅವರೆ, ಅಲಸಂದೆ ಬೆಳೆಯುತ್ತಿದ್ದರು. ಕೋಸಂಬರಿ ಮಾಡಲು ಕಲಿತದ್ದು ಅವ್ವನಿಂದ. ಹದಿನಾರಕ್ಕೆ ಗುಬ್ಬಿಗೆ ಮದುವೆಯಾಗಿ ಬಂದರು. ಗಂಡ ಗುಂಡಯ್ಯ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದವರು. ಒಂದು ದಿನ ಮೂಟೆ ಜಾರಿ ಮೊಣಕಾಲಿನ ಮೇಲೆ ಬಿತ್ತು. ಆಮೇಲೆ ಭಾರ ಎತ್ತುವ ಹಾಗಿರಲಿಲ್ಲ. ಮಂಡಿಯವರು ಬಾಗಿಲು ಕಾಯುವ ಕೆಲಸ ಕೊಟ್ಟರು. ಅದು ಸಾಲದೆ ಇವರು ಈಳಿಗೆಮಣೆ ಹಿಡಿದು ಮದುವೆ ಮನೆಗಳಿಗೆ ತರಕಾರಿ ಹೆಚ್ಚಲು ಹೊರಟರು.

ಎಪ್ಪತ್ತೆರಡನೇ ಇಸವಿಯ ಬೇಸಿಗೆಯಲ್ಲಿ ಚೇಳೂರಿನಲ್ಲಿ ಚಿಕ್ಕರಂಗಯ್ಯನವರ ಮಗಳು ಮಂಜುಳಮ್ಮನ ಮದುವೆ. ಬೀಗರು ಕುಣಿಗಲ್ ಕಡೆಯವರು. ಸೋದರತ್ತೆಯೇ ಮುಂದೆ ನಿಂತು, "ಕೋಸಂಬರಿ ನಂದು, ಯಾರೂ ಕೈ ಹಾಕಬ್ಯಾಡಿ," ಎಂದರು. ಗಂಡಿನ ಕಡೆಯ ವ್ಯಾನು ದಾರಿಯಲ್ಲಿ ಕೆಟ್ಟು ಧಾರೆ ತಡವಾಯಿತು. ಧಾರೆ ಮುಗಿಯಿತು, ಎಲೆ ಹಾಕಿ, ಎಂದು ಯಾರೋ ಕೂಗಿದರು. ಇವರು ದೊಡ್ಡ ಕೊಳಗದಷ್ಟಕ್ಕೂ ಒಟ್ಟಿಗೇ ಉಪ್ಪು ಹಾಕಿ ಕಲೆಸಿಬಿಟ್ಟರು. ಧಾರೆ ಮುಗಿದಿರಲಿಲ್ಲ. ಇನ್ನೂ ಒಂದೂವರೆ ಗಂಟೆ ಹಿಡಿಯಿತು. ಆ ಬಿಸಿಲಲ್ಲಿ ಸೌತೆಕಾಯಿ, ಮಾವಿನಕಾಯಿ ಎಲ್ಲ ನೀರು ಬಿಟ್ಟುಕೊಂಡು ಕಾಳು ತೇಲತೊಡಗಿತು.

ಮೊದಲ ಸಾಲಿಗೆ ಬಡಿಸಿದರು. ಇದನ್ನು ಬರೆಯುತ್ತಿರುವ ನಾನೂ ಆ ಸಾಲಿನಲ್ಲಿ ನೆಂಟರ ಜೊತೆ ಕೂತಿದ್ದೆ. ಎಲೆಯ ತುದಿಯಿಂದ ನೀರು ಹರಿದು ಹೋಳಿಗೆ ತೊಯ್ದು ಮಡಿಲಿಗೆ ಇಳಿಯುತ್ತಿತ್ತು. ಗಂಡಿನ ಕಡೆಯ ಹಿರಿಯರೊಬ್ಬರು ಎಲೆಯ ಅಂಚು ಎತ್ತಿ ಹಿಡಿದು ಕೂಗಿದರು.

"ಏನ್ರೀ ಚಿಕ್ಕರಂಗಯ್ಯನೋರೇ, ನಮ್ಮ ಕುಣಿಗಲ್ ಕೆರೆ ಈ ವರ್ಷ ಕೋಡಿ ಬೀಳ್ನಿಲ್ಲ. ನಿಮ್ಮ ಎಲೆ ಬಿತ್ತಲ್ರೀ!"

ಸಾಲಿಗೆ ಸಾಲೇ ನಕ್ಕಿತು. ತಮಾಷೆಗೆ ಆಡಿದ ಮಾತು. ಆದರೆ ಹೆಣ್ಣು ಕೊಡುವವನು ಆ ದಿನ ತಮಾಷೆ ತಡೆದುಕೊಳ್ಳಲಾರ. ಚಿಕ್ಕರಂಗಯ್ಯ ನೇರ ಹಿತ್ತಲಿಗೆ ಬಂದರು. ತಂಗಿಯ ಮುಂದೆ ನಿಂತು, "ಇವತ್ತಿಂದ ನಿನ್ನ ಕೈ ಉಪ್ಪು ನನ್ನ ನಾಲಿಗೆ ಮೇಲೆ ಬೀಳಾಕಿಲ್ಲ, ಕಣೇ," ಎಂದರು. ಅಡಿಗೆಯವರೆಲ್ಲ ಕೇಳಿಸಿಕೊಂಡರು.

ಮಾತು ಆಡಿದ ಹಾಗೆಯೇ ಅವರು ನಡೆದರು. ಹದಿನಾಲ್ಕು ವರ್ಷ. ನೆಂಟರಿಷ್ಟರ ಮನೆಯ ಊಟದಲ್ಲಿ ಹಿಂದುಗಡೆ ತಂಗಿ ಇದ್ದಾಳೆ ಎಂದು ಗೊತ್ತಾದರೆ ಕೋಸಂಬರಿ ಬಂದಾಗ ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ತವರಿನ ಹಬ್ಬಕ್ಕೆ ಅರಿಶಿನ ಕುಂಕುಮ ತಪ್ಪದೆ ಕಳಿಸುತ್ತಿದ್ದರು, ಮಗನ ಕೈಯಲ್ಲಿ. ಮಾತು ಮಾತ್ರ ಇಲ್ಲ.

ದೊಡ್ಡಗಂಗಮ್ಮ ಸಾಲಿಗೊಂದು ಸಲ ಉಪ್ಪು ಹಾಕಲು ಶುರು ಮಾಡಿದ್ದು ಆ ಮದುವೆಯ ಮಾರನೆಯ ವಾರದಿಂದ. ಬಟ್ಟಲು ಎತ್ತಿಡಲು ಶುರು ಮಾಡಿದ್ದೂ ಆಗಲೇ.

"ನಮ್ಮಣ್ಣ ಆಣೆ ಮಾಡಿದ್ದು ಉಪ್ಪಿನ ಮೇಲೆ. ಕಾಳಿನ ಮೇಲಲ್ಲ, ನನ್ನ ಮೇಲೂ ಅಲ್ಲ," ಎಂದು ಅವರು ಸೌತೆಕಾಯಿಯ ಕಹಿ ತೆಗೆಯುತ್ತಾ ವಿವರಿಸುತ್ತಾರೆ. "ಉಪ್ಪು ಹಾಕ್ದೆ ಕೊಟ್ರೆ ಆಣೆ ಮುರಿಯಾಕಿಲ್ಲ. ಎಲೆ ತುದೀಲಿ ಬ್ಯಾರೆಯೋರು ಬಡಿಸಿದ ಉಪ್ಪು ಇರ್ತದೆ, ಬೇಕಾರೆ ಅವ್ನೇ ಕಲೆಸ್ಕತಾನೆ. ಒಂದು ತುತ್ತು ತಿಂದ್ರೆ ಸಾಕು. ತಿಂದ ಮೇಲೆ ಬೈದ್ರೂ ಚಿಂತೆ ಇಲ್ಲ."

ಹಾಗೆಂದು ಅವರೇ ಹೋಗಿ ಬಡಿಸಲಿಲ್ಲ, ಯಾರ ಕೈಯಲ್ಲೂ ಕಳಿಸಲಿಲ್ಲ. ಅಣ್ಣ ಕೇಳಿದರೆ ಇರಲಿ ಎಂದು ಎತ್ತಿಡುತ್ತಿದ್ದರು, ಅಷ್ಟೆ. ಹನ್ನೊಂದು ಊಟಗಳಲ್ಲಿ ಎತ್ತಿಟ್ಟಿದ್ದಾರೆ. ಹನ್ನೊಂದು ಸಲವೂ ಕೊನೆಯ ಸಾಲು ಎದ್ದ ಮೇಲೆ ಅದಕ್ಕೆ ಉಪ್ಪು ಹಾಕಿಕೊಂಡು ಅವರೇ ತಿಂದಿದ್ದಾರೆ.

ಇಂದು ಹನ್ನೆರಡನೆಯದು. ಮರಳೂರಿನ ಈ ಮನೆ ಅದೇ ಮಂಜುಳಮ್ಮನದು. ಗಂಡನಿಗೆ ಕುಣಿಗಲ್ ತಾಲ್ಲೂಕು ಕಚೇರಿಯಲ್ಲಿ ನೌಕರಿ, ಮಕ್ಕಳ ಓದಿಗೆಂದು ತುಮಕೂರಿನಲ್ಲಿ ಮನೆ ಕಟ್ಟಿಸಿದ್ದಾರೆ. ಒಂದು ತಿಂಗಳ ಹಿಂದೆಯೇ ಮಂಜುಳಮ್ಮ ಗುಬ್ಬಿಗೆ ಹೋಗಿ ಹೇಳಿ ಬಂದಿದ್ದರು.

"ಅತ್ತೆ, ಅಲಸಂದೆ ಕೋಸಂಬರಿ ನಿಂದೇ."

"ನಿನ್ನ ಮದ್ವೇಲಿ ಮಾಡಿದ್ದು ಸಾಲ್ದೇನೇ?"

"ಅವತ್ತಿನದು ನಾನು ತಿನ್ನಲೇ ಇಲ್ವಲ್ಲ. ಧಾರೆ ನೀರಲ್ಲಿ ನೆಂದ ಸೀರೇಲಿ ಹಸೆ ಮೇಲೇ ಕೂತಿದ್ದೆ."

ಹೊತ್ತು ಏರುತ್ತದೆ. ಏಳು ಗಂಟೆಗೆ ಮಾವಿನಕಾಯಿ ತುರಿ, ಒಂಬತ್ತಕ್ಕೆ ಕಾಯಿ, ಹತ್ತೂವರೆಗೆ ಒಗ್ಗರಣೆ. ದೊಡ್ಡಗಂಗಮ್ಮ ಎರಡು ಸಲ ಮಾತ್ರ ಎದ್ದಿದ್ದಾರೆ. ಹನ್ನೊಂದಕ್ಕೆ ಚೇಳೂರಿನವರು ಬಂದರೆಂದು ಮುಂದುಗಡೆ ಗದ್ದಲವಾಗುತ್ತದೆ. ಇವರು ತಲೆ ಎತ್ತುವುದಿಲ್ಲ. ಕೈ ಮಾತ್ರ ಒಂದು ಗಳಿಗೆ ಈಳಿಗೆಯ ಮೇಲೆ ನಿಲ್ಲುತ್ತದೆ. ಆಮೇಲೆ ಹಿತ್ತಾಳೆ ಬಟ್ಟಲು ಎಳೆದುಕೊಂಡು ನಾಲ್ಕು ಹಿಡಿ ತೆಗೆದು ಎಲೆ ಮುಚ್ಚುತ್ತಾರೆ.

ಹನ್ನೆರಡೂವರೆಗೆ ಮೊದಲ ಸಾಲು. ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಶಾಮಿಯಾನ, ಸಾಲಿಗೆ ನಲವತ್ತು ಎಲೆ, ಒಂದು ಸಾಲು ಉಣ್ಣುತ್ತಿರುವಾಗಲೇ ಪಕ್ಕದಲ್ಲಿ ಇನ್ನೊಂದು ಕೂರುತ್ತದೆ. ಎರಡನೆಯ ಸಾಲಿನಲ್ಲಿ ಚಿಕ್ಕರಂಗಯ್ಯ ಕೂರುತ್ತಾರೆ. ಎಪ್ಪತ್ತರ ಹತ್ತಿರ. ಮೊದಲಿನ ದಪ್ಪ ಇಲ್ಲ, ಅಂಗಿ ಹೆಗಲಿನಿಂದ ಜಾರುತ್ತದೆ. ಅಕ್ಕಪಕ್ಕದವರ ಎಲೆ ತುಂಬುತ್ತಾ ಹೋಗುತ್ತದೆ. ಅವರು ಪ್ರತಿಯೊಂದಕ್ಕೂ ಕೈ ಅಡ್ಡ ಹಿಡಿಯುತ್ತಿದ್ದಾರೆ. ಪಲ್ಯ ಬೇಡ, ಚಿತ್ರಾನ್ನ ಬೇಡ, ಸಾರು ಬೇಡ.

ತುಪ್ಪ ಬಡಿಸುತ್ತಾ ಬಂದ ಮಂಜುಳಮ್ಮ ಎಲೆ ನೋಡಿ ನಿಂತುಬಿಡುತ್ತಾರೆ. ನಂತರ ಹಿತ್ತಲಿಗೆ ಓಡಿ ಬರುತ್ತಾರೆ.

"ಶಿವರಾಮಯ್ಯನೋರೇ, ನಿಮ್ಗೆ ಹೇಳೋದೇ ಮರ್ತುಬಿಟ್ಟೆ. ಅಪ್ಪಯ್ಯಂಗೆ ಬಿ.ಪಿ. ಶಿವರಾತ್ರೀಲಿ ತಲೆ ತಿರುಗಿ ಬಿದ್ದಿದ್ರು. ಡಾಕ್ಟ್ರು ಉಪ್ಪು ಮುಟ್ಟಲೇಬಾರ್ದು ಅಂದವ್ರೆ. ಉಪ್ಪಿಲ್ದೆ ಇರೋದು ಏನೈತೆ?"

ಶಿವರಾಮಯ್ಯ ಒಂದೊಂದೇ ಪಾತ್ರೆ ನೋಡುತ್ತಾರೆ. "ಅನ್ನ ಐತೆ, ಮೊಸರು ಐತೆ, ಪಾಯಸ ಐತೆ. ಮಿಕ್ಕಿದ್ದಕ್ಕೆಲ್ಲ ಹಾಕಾಯ್ತಲ್ಲಮ್ಮ. ಒಂದರ್ಧ ಗಂಟೆ ಕೊಟ್ರೆ ಬ್ಯಾರೆ ಸಾರು ಇಡ್ತೀನಿ."

"ಮಗಳ ಮನೆ ಗೃಹಪ್ರವೇಶಕ್ಕೆ ಬಂದು ಮೊಸರನ್ನ ಉಂಡ್ಕೊಂಡು ಹೋಗ್ಲಾ?" ಮಂಜುಳಮ್ಮನ ಕಣ್ಣಲ್ಲಿ ನೀರು ಬರುತ್ತದೆ.

ಸಿದ್ದಲಕ್ಷ್ಮಮ್ಮ ಗೋಡೆಯ ಪಕ್ಕದ ಬಟ್ಟಲು ನೋಡುತ್ತಾರೆ, ದೊಡ್ಡಗಂಗಮ್ಮನ ಮುಖ ನೋಡುತ್ತಾರೆ. ದೊಡ್ಡಗಂಗಮ್ಮ ಕೂತಲ್ಲಿಂದಲೇ ಬಟ್ಟಲನ್ನು ಮುಂದಕ್ಕೆ ನೂಕುತ್ತಾರೆ.

"ಇದ್ರಲ್ಲಿ ಉಪ್ಪಿಲ್ಲ. ಯಾರು ಮಾಡಿದ್ದು ಅಂತ ಕೇಳಿದ್ರೆ ಸುಳ್ಳು ಹೇಳಬ್ಯಾಡ."

ಅದು ಯಾರಿಗೆ, ಎಂದಿನಿಂದ ಎತ್ತಿಡುವ ಬಟ್ಟಲೆಂದು ಸಿದ್ದಲಕ್ಷ್ಮಮ್ಮ ಎರಡೇ ಮಾತಲ್ಲಿ ಹೇಳುತ್ತಾರೆ. ಮಂಜುಳಮ್ಮ ಬಟ್ಟಲು ಹಿಡಿದು ಶಾಮಿಯಾನಕ್ಕೆ ಹೋಗುತ್ತಾರೆ. ಹಿತ್ತಲ ಮೂಲೆಯಿಂದ ಎರಡನೆಯ ಸಾಲು ಕಾಣುತ್ತದೆ, ಮಾತೂ ಕೇಳಿಸುತ್ತದೆ.

"ಅಪ್ಪಯ್ಯ, ಕೋಸಂಬರಿ."

"ಬ್ಯಾಡ. ಉಪ್ಪು."

"ಉಪ್ಪು ಹಾಕಿಲ್ಲ."

"ಯಾರು ಮಾಡಿದ್ದು?"

"ಗಂಗತ್ತೆ."

ಚಿಕ್ಕರಂಗಯ್ಯ ಮಗಳ ಮುಖ ನೋಡುತ್ತಾರೆ. "ಡಾಕ್ಟ್ರು ಹೇಳಿದ್ದು ಅವಳಿಗೆ ನೀನೇನಾ ಹೇಳಿದ್ದು?"

"ನಾನು ಯಾರಿಗೂ ಹೇಳಿಲ್ಲ. ಗಂಗತ್ತೆಗೂ ಈಗ್ಲೇ ಗೊತ್ತಾಗಿದ್ದು."

"ಮತ್ತೆ ಉಪ್ಪು ಯಾಕೆ ಹಾಕಿಲ್ಲ?"

"ನಿನಗೆ ಅಂತ ಎತ್ತಿಡೋದಕ್ಕೆ ಹಾಕಲ್ಲ ಅಪ್ಪಯ್ಯ. ನನ್ನ ಮದ್ವೆ ಆದಾಗಿಂದ ಎತ್ತಿಡ್ತಾನೇ ಅವ್ಳೆ. ನೀನು ಇವತ್ತು ಕೇಳ್ದೆ."

ಪಕ್ಕದ ಎಲೆಯವರು ತಿನ್ನುವುದನ್ನು ನಿಲ್ಲಿಸಿ ನೋಡುತ್ತಾರೆ. ಚಿಕ್ಕರಂಗಯ್ಯ ಎಲೆ ನೋಡುತ್ತಾರೆ. ಅಡ್ಡ ಹಿಡಿದಿದ್ದ ಕೈ ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ. ಮಂಜುಳಮ್ಮ ಬಡಿಸುತ್ತಾರೆ. ಅವರು ಒಂದು ತುತ್ತು ಬಾಯಿಗಿಟ್ಟು ನಿಧಾನವಾಗಿ ಅಗಿಯುತ್ತಾರೆ. ಎರಡನೆಯ ತುತ್ತು. ಆಮೇಲೆ ಬೆರಳಿನಿಂದ ಎಲೆಯನ್ನು ಎರಡು ಸಲ ತಟ್ಟುತ್ತಾರೆ. ಇನ್ನಷ್ಟು ಹಾಕು ಎಂದು.

ಹಿತ್ತಲಲ್ಲಿ ದೊಡ್ಡಗಂಗಮ್ಮ ಮೂರನೆಯ ಸಾಲಿನ ಬೇಸನ್ನು ಕಲೆಸುತ್ತಿದ್ದಾರೆ. ಕಲೆಸುತ್ತಲೇ ಇದ್ದಾರೆ. "ಕೊಡಕ್ಕ, ಸಾಲು ಕೂತಾಯ್ತು," ಎಂದು ಬಡಿಸುವವರು ಬೇಸನ್ನು ಎಳೆದುಕೊಂಡು ಹೋಗುತ್ತಾರೆ. ಎರಡು ನಿಮಿಷಕ್ಕೆ ಶಾಮಿಯಾನದಿಂದ ಒಂದು ದನಿ ಏಳುತ್ತದೆ.

"ಏನ್ರೀ, ಕೋಸಂಬರಿಗೆ ಉಪ್ಪೇ ಇಲ್ಲ!"

ಶಿವರಾಮಯ್ಯ ಸೌಟು ಹಿಡಿದ ಹಾಗೇ ತಿರುಗುತ್ತಾರೆ. "ಗಂಗಕ್ಕ! ಹದಿನಾಲ್ಕು ವರ್ಷದಲ್ಲಿ ಇದೇ ಮೊದ್ಲು ನೀನು ಉಪ್ಪು ಮರ್ತಿದ್ದು."

"ಎಲೆ ತುದೀಲಿ ಇಲ್ವೇನು? ಕಲೆಸ್ಕಳ್ಳಿ ಅನ್ನು," ಎನ್ನುತ್ತಾರೆ ದೊಡ್ಡಗಂಗಮ್ಮ. ಕರಟದ ಉಪ್ಪು ಹಾಗೇ ತುಂಬಿದೆ. ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡು ನಾಲ್ಕನೆಯ ಸಾಲಿಗೆ ಸೌತೆಕಾಯಿ ಎಳೆದುಕೊಳ್ಳುತ್ತಾರೆ.

ಊಟ ಮುಗಿಸಿದವರು ಕೈ ತೊಳೆಯುವ ನಲ್ಲಿ ಹಿತ್ತಲಲ್ಲೇ ಇದೆ. ಚಿಕ್ಕರಂಗಯ್ಯ ಬಂದು ಕೈ ತೊಳೆದು, ಟವಲಿನಲ್ಲಿ ಬಾಯಿ ಒರೆಸುತ್ತಾ ಒಲೆಯ ಕಡೆ ನಿಲ್ಲುತ್ತಾರೆ. ಕೆಲಸ ಮಾಡುವವರೆಲ್ಲ ಕೆಲಸ ಮಾಡುವವರ ಹಾಗೆ ನಟಿಸುತ್ತಾರೆ.

"ಕಾಯಿ ಕಮ್ಮಿ ಆಗಿತ್ತು ಕಣೇ ಗಂಗಿ."

"ಕಮ್ಮಿ ಹಾಕಿಲ್ಲ ಕಣಣ್ಣ. ಪ್ಯಾಟೆ ಕಾಯಿ, ಒಳಗೆ ಸಪ್ಪೆ."

"ಪ್ಯಾಟೆ ಕಾಯಿ ಯಾಕೆ ತರ್ಬೇಕು? ಮತ್ತೆ ತೋಟ ಯಾತಕ್ಕೆ ಐತೆ?"

ಐದನೆಯ ಸಾಲು ಕೂತಿದೆ ಎಂದು ಬಡಿಸುವವರು ಕೂಗುತ್ತಾರೆ. ದೊಡ್ಡಗಂಗಮ್ಮ ಕರಟಕ್ಕೆ ಕೈ ಹಾಕುತ್ತಾರೆ. ಕೊನೆಯ ಸಾಲು ಎದ್ದಾಗ ಮೂರು ಗಂಟೆ. ಎತ್ತಿಟ್ಟ ಬಟ್ಟಲು ಈ ಸಲ ಖಾಲಿಯಾಗಿ ಬಂದಿದ್ದರಿಂದ ಅವರಿಗೆ ಕೋಸಂಬರಿ ಉಳಿದಿರುವುದಿಲ್ಲ. ಬೇಸನ್ನಿನ ತಳದಲ್ಲಿದ್ದ ನಾಲ್ಕು ಕಾಳು ಬಳಿದು ಬಾಯಿಗೆ ಹಾಕಿಕೊಂಡು, "ಸಪ್ಪೆ ಏನಿಲ್ಲ, ಸಿದ್ದಿ," ಎನ್ನುತ್ತಾರೆ.

ಮುಂದೆ ಏನು ಆಸೆ ಎಂದು ಕೇಳಿದರೆ ನಗುತ್ತಾರೆ. "ಜ್ಯೇಷ್ಠಕ್ಕೆ ಇನ್ನೂ ಆರು ಮನೆ ಒಪ್ಕೊಂಡಿದೀನಿ. ಆರಕ್ಕೂ ಒಳ್ಳೆ ನೀರು ಸಿಕ್ಕಿದ್ರೆ ಸಾಕು."

ಮಾರನೆಯ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಅಣ್ಣ ತಂಗಿ ಇಬ್ಬರೂ ಹತ್ತಿದರು. ತಂಗಿಯ ತೊಡೆಯ ಮೇಲೆ ಗೋಣಿಯಲ್ಲಿ ಸುತ್ತಿದ ಈಳಿಗೆಮಣೆ. ಅಣ್ಣನ ಕೈಯಲ್ಲಿ ಆ ಹಿತ್ತಾಳೆ ಬಟ್ಟಲು, ಬಾಳೆಲೆ ಕಟ್ಟಿ, ಒಳಗೆ ಅಂದು ಬೆಳಿಗ್ಗೆ ಬೇಯಿಸಿದ ಒಂದು ಪಾವು ಅಲಸಂದೆ. ಗುಬ್ಬಿಯಲ್ಲಿ ದೊಡ್ಡಗಂಗಮ್ಮ ಇಳಿದರು. ಬಟ್ಟಲು ವಾಪಸ್ ಕೇಳಲಿಲ್ಲ. ತೋಟದ ಕಾಯಿಯ ಜೊತೆ ಕಳಿಸುತ್ತೇನೆಂದು ಚಿಕ್ಕರಂಗಯ್ಯ ಕಿಟಕಿಯಿಂದ ಕೂಗಿ ಹೇಳಿ, ಅದೇ ಬಸ್ಸಿನಲ್ಲಿ ಚೇಳೂರಿಗೆ ಹೋದರು.